ನಕ್ಷೆ, ಜ್ಯಾಮಿತಿ ನೋಡಿದರೆ ಹೊಸ ಡಿಸೈನ್ ಹೊಳೆಯುತ್ತಾ?

ಎಂಬ್ರಾಯಿಡರಿ ಕಲಿತಿದ್ದೀರಿ, ಆದರೆ ಫೋನಿನಲ್ಲಿ ಸಿಗುವ ಡಿಸೈನ್‌ಗಳನ್ನೇ ಹಾಕಿ ಹಾಕಿ ಬೇಜಾರಾಗಿದೆ, ನಕ್ಷೆ, ಜ್ಯಾಮಿತಿಯಿಂದ ಏನಾದರೂ ಹೊಳೆಯುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೊಳೆಯುತ್ತದೆ. ನಾನು ಹಾಸನದಲ್ಲಿ ಬ್ಲೌಸ್‌ಗಳಿಗೆ ಆರಿ ವರ್ಕ್, ಅಂದರೆ ಕೊಕ್ಕೆ ಸೂಜಿಯ ಕಸೂತಿ, ಮಾಡುತ್ತೇನೆ. ನನಗೆ ದಾರಿ ಸಿಕ್ಕಿದ್ದೇ ಅಲ್ಲಿಂದ.

ಮೊದಲೆಲ್ಲ ಹಳೇಬೀಡಿಗೆ ಹೋದಾಗ ಗೋಡೆಯ ಬಳ್ಳಿ, ಹಂಸ, ಆನೆ ಸಾಲಿನ ಫೋಟೋ ತೆಗೆದುಕೊಂಡು ಬರುತ್ತಿದ್ದೆ. ಬಟ್ಟೆ ಮೇಲೆ ಹಾಕಿದರೆ ಅದು ಕಲ್ಲಿನ ನಕಲು, ಅಷ್ಟೇ. ಒಂದು ಸಲ ಬೇಲೂರಿನಲ್ಲಿ ಜಗತಿಯ, ಅಂದರೆ ದೇವಸ್ಥಾನ ನಿಂತಿರುವ ಎತ್ತರದ ಕಟ್ಟೆಯ, ಮೇಲೆ ಪ್ರದಕ್ಷಿಣೆ ಹಾಕುವಾಗ ಸುಮ್ನೆ ಕಾಲ ಕೆಳಗೆ ನೋಡಿದೆ. ಅದರ ಅಂಚು ನೆಟ್ಟಗೆ ಹೋಗುವುದೇ ಇಲ್ಲ. ಒಂದು ಮೂಲೆ, ಒಳಕ್ಕೆ ಒಂದು ಸಂದು, ಮತ್ತೆ ಮೂಲೆ. ಹೊಯ್ಸಳ ರಾಜ ವಿಷ್ಣುವರ್ಧನನ ಕಾಲದಲ್ಲಿ, 1117ರ ಸುಮಾರಿಗೆ, ಶಿಲ್ಪಿಗಳು ಶಿಲೆಗೆ ಉಳಿ ಹಚ್ಚುವ ಮೊದಲು ನೆಲದ ಮೇಲೆ ಈ ಗೆರೆ ಎಳೆದಿರಬೇಕು ಅಲ್ವಾ?

ಮನೆಗೆ ಬಂದು ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ, ನಡುವೆ ಗುಂಡುಪಿನ್ನು ಚುಚ್ಚಿದೆ. ಸುತ್ತ ಪೆನ್ಸಿಲ್ ಎಳೆದು, ಅದನ್ನೇ 45 ಡಿಗ್ರಿ ತಿರುಗಿಸಿ ಮತ್ತೆ ಎಳೆದೆ. ಎಂಟು ಮೂಲೆಯ ನಕ್ಷತ್ರ! 22.5 ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಚೌಕ ಎಳೆದರೆ 16 ಮೂಲೆ. ಹೊಯ್ಸಳರ ನಕ್ಷತ್ರದ ತಳವಿನ್ಯಾಸದ ಗುಟ್ಟು ಈ ತಿರುಗಿಸುವಿಕೆಯೇ. ಮೂಲೆ ಜಾಸ್ತಿಯಾದಷ್ಟೂ ಸಂದಿನ ಆಳ ಕಡಿಮೆಯಾಗುತ್ತದೆ. ಎಂಟು ಮೂಲೆ ಬ್ಲೌಸಿನ ಬೆನ್ನಿಗೆ ಚೂಪಾಗಿ ಕಾಣುತ್ತದೆ, 16 ಮೂಲೆ ಕತ್ತಿನ ಸುತ್ತಿಗೆ ಮೆತ್ತಗೆ ಕೂರುತ್ತದೆ. ಫೋಟೋ ಕೊಟ್ಟಿದ್ದು ಒಂದೇ ಡಿಸೈನ್. ಈ ರಟ್ಟಿನ ಚೂರು ಇನ್ನೂ ಕೊಡುತ್ತಲೇ ಇದೆ.

ಸಕಲೇಶಪುರದ ಮಂಜರಾಬಾದ್ ಕೋಟೆಯನ್ನೂ ನೋಡಿ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ್ದು. ಒಳಗೆ ನಿಂತರೆ ಬರೀ ಗೋಡೆ, ಹುಲ್ಲು, ಮಂಜು. ಫೋನಿನ ಉಪಗ್ರಹ ನಕ್ಷೆಯಲ್ಲಿ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಅದು ಅಂದಕ್ಕೆ ಮಾಡಿದ್ದಲ್ಲ. ಹೊರಕ್ಕೆ ಚಾಚಿದ ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಗೋಡೆಯ ಬುಡ ಕಾಣಬೇಕು, ಶತ್ರು ಅವಿತುಕೊಳ್ಳಲು ಮರೆ ಸಿಗಬಾರದು. ಅಂದರೆ ಆ ಆಕಾರದಲ್ಲಿ ಕೆಲಸ ಮಾಡುವುದು ಚಾಚುಗಳ ನಡುವಿನ ಖಾಲಿ ಜಾಗವೂ ಹೌದು. ಇದು ಗೊತ್ತಾದ ಮೇಲೆ ಸಂದುಗಳಲ್ಲಿ ಮಣಿ ತುಂಬುವುದನ್ನು ಬಿಟ್ಟೆ. ಬಟ್ಟೆಯ ಬಣ್ಣವೇ ಅಲ್ಲಿ ಎದ್ದು ಕಾಣುತ್ತದೆ. ನನ್ನ ಕೆಲಸದಲ್ಲಿ ಆದ ದೊಡ್ಡ ಬದಲಾವಣೆ ಅದೇ.

ಅಮ್ಮನ ಚುಕ್ಕಿ ರಂಗೋಲಿ ಪುಸ್ತಕ ಮನೆಯಲ್ಲಿದ್ದರೆ ಅದನ್ನೂ ತೆಗೆಯಿರಿ. ಎಳೆ ಬಿಟ್ಟು ಚುಕ್ಕಿ ಮಾತ್ರ ನಕಲು ಮಾಡಿಕೊಳ್ಳಿ, ಎಳೆ ನಿಮ್ಮದಿರಲಿ.

ಈಗ ನನ್ನ ಫ್ರೇಮಿನಲ್ಲಿ ಇರುವುದು ಮುಳ್ಳಯ್ಯನಗಿರಿ. ಸರ್ವೆ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳಿರುತ್ತವಲ್ಲ, ಅವನ್ನೇ ಸೀರೆ ಸೆರಗಿಗೆ ಇಳಿಸುತ್ತಿದ್ದೇನೆ. ಬೆಟ್ಟ ಕಡಿದಾದ ಕಡೆ ಗೆರೆಗಳು ಒತ್ತಾಗುತ್ತವೆ, ಅಲ್ಲಿ ಹಸಿರು ದಾರಗಳ ನಡುವೆ ಸೂಜಿ ಹಾಕಲೂ ಜಾಗ ಸಾಲುತ್ತಿಲ್ಲ. ನೀವು ಮೊದಲು ಎರಡು ಚೌಕದಿಂದ ಶುರು ಮಾಡಿ, ಏನು ಬಂತು ಅಂತ ಇಲ್ಲೇ ತೋರಿಸಿ.