ಕೆಲಸ ಕಷ್ಟವಿಲ್ಲ, ಚಹಾ ಕಷ್ಟ

ಇಪ್ಪತ್ನಾಲ್ಕು ವರ್ಷದ ಈ ಯುವಕನನ್ನು ಸುಮಂತ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಮನೆ ಸುರತ್ಕಲ್ ಕಡೆ, ಓದಿದ್ದು ಬಿ.ಕಾಂ. ಆಟಿಸಂ, ಅಂದರೆ ಇತರರೊಡನೆ ಬೆರೆಯುವುದು ಕಷ್ಟವಾಗುವಂಥ ಹುಟ್ಟಿನಿಂದಲೇ ಬರುವ ಮಿದುಳಿನ ಬೆಳವಣಿಗೆಯ ಭಿನ್ನತೆ, ಇದೆಯೆಂದು ಬಾಲ್ಯದಲ್ಲೇ ಗೊತ್ತಾಗಿತ್ತು. ಮಂಗಳೂರಿನ ಔಷಧ ಸಗಟು ಮಳಿಗೆಯೊಂದರಲ್ಲಿ ದಾಸ್ತಾನು ನೋಡಿಕೊಳ್ಳುತ್ತಿದ್ದವರು ನಾಲ್ಕನೆಯ ತಿಂಗಳಲ್ಲಿ ಬೀಗದ ಕೈ ಮೇಜಿನ ಮೇಲಿಟ್ಟು ಮನೆಗೆ ಬಂದುಬಿಟ್ಟಿದ್ದರು. "ಇವನಿಂದ ದುಡಿಮೆ ಆಗುವುದಿಲ್ಲವೋ ಏನೋ ಮೇಡಂ" ಎನ್ನುತ್ತ ತಾಯಿ ಸಲಹೆಗಾಗಿ ನನ್ನ ಬಳಿ ಕರೆತಂದರು.

ಮೊದಲ ಭೇಟಿಯಲ್ಲಿ ಸುಮಂತರನ್ನು ಕೇಳಿದ ಪ್ರಶ್ನೆಗಳಿಗೆಲ್ಲ ತಾಯಿಯೇ ಉತ್ತರಿಸಿದರು. ಎರಡನೆಯ ಸಲ ಅವರನ್ನು ಹೊರಗೆ ಕೂರಲು ಹೇಳಿ, ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಟ್ಟೆ. ಅರ್ಧ ಗಂಟೆ ಯೋಚಿಸಿ ಸುಮಂತ ಬರೆದರು: "ಕೆಲಸ ಕಷ್ಟವಿಲ್ಲ. ಚಹಾ ಕಷ್ಟ."

ಅವಧಿ ಮೊದಲು ಮುಗಿಯುವ ಔಷಧ ಮುಂದೆ, ತಡವಾಗಿ ಮುಗಿಯುವುದು ಹಿಂದೆ: ಈ ಜೋಡಣೆಯಲ್ಲಿ ಅವರು ಒಮ್ಮೆಯೂ ತಪ್ಪಿರಲಿಲ್ಲ ಎಂದು ಮಾಲೀಕರೇ ನನಗೆ ಹೇಳಿದರು. ಆದರೆ ಹನ್ನೊಂದು ಗಂಟೆಗೆ ಎಲ್ಲರೂ ಚಹಾಕ್ಕೆ ಸೇರಿ ತುಳುವಿನಲ್ಲಿ ತಮಾಷೆ ಮಾಡುವಾಗ ಎಲ್ಲಿ ನಿಲ್ಲಬೇಕು, ಯಾವಾಗ ನಗಬೇಕು ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಭಾಷೆ ಬರುತ್ತಿತ್ತು, ತಮಾಷೆಯ ಹದ ಸಿಗುತ್ತಿರಲಿಲ್ಲ. ಇತರರ ಮುಖ ನೋಡಿ ನಕ್ಕರೆ ನಗು ಒಂದು ಗಳಿಗೆ ತಡವಾಗುತ್ತಿತ್ತು. ಅದಕ್ಕೆ ಮತ್ತೆ ಎಲ್ಲರೂ ನಗುತ್ತಿದ್ದರು. ಕೊನೆಗೆ ಆ ಹದಿನೈದು ನಿಮಿಷ ಶೌಚಾಲಯದಲ್ಲಿ ಕಳೆಯತೊಡಗಿದರು. ಹುಡುಗ ಮೊಬೈಲ್ ಹಿಡಿದು ಕಾಲಹರಣ ಮಾಡುತ್ತಾನೆ ಎಂಬ ದೂರು ಹುಟ್ಟಿತು. ಒಂದು ಮಳೆಯ ದಿನ ಬಸ್ ತಡವಾಗಿ, ಮಾಲೀಕರು ಎಲ್ಲರೆದುರು ಗದರಿದಾಗ ಸುಮಂತರ ತಾಳ್ಮೆ ಮುಗಿಯಿತು. ಇದನ್ನು ಸೋಮಾರಿತನವೆಂದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ದಿನವಿಡೀ ಇನ್ನೊಬ್ಬರಂತೆ ಕಾಣಲು ಹೆಣಗುವುದಕ್ಕಿಂತ ದಣಿವು ಬೇರೊಂದಿಲ್ಲ.

ನಾನು ಹೇಳಿದ್ದು ಇಷ್ಟು. ಮಾಲೀಕರಿಗೆ ಒಂದು ಪುಟದ ಪತ್ರ ಬರೆಯಿರಿ. ಆಟಿಸಂ ವಿಷಯ ಅದರಲ್ಲಿ ಇರಬೇಕೇ ಬೇಡವೇ ಎಂಬುದು ಸುಮಂತರದೇ ತೀರ್ಮಾನ. ಎರಡು ದಿನ ಯೋಚಿಸಿ ಅವರು ಸೇರಿಸಿದರು. ಚಹಾವನ್ನು ತನ್ನ ಜಾಗದಲ್ಲೇ ಕುಡಿಯಲು ಬಿಡಿ, "ಸ್ವಲ್ಪ ಹೊತ್ತಿನಲ್ಲಿ" ಎನ್ನದೆ ಗಂಟೆ ಹೇಳಿ, ತಪ್ಪಾದರೆ ಪಕ್ಕಕ್ಕೆ ಕರೆದು ಹೇಳಿ ಎಂದು ಕೇಳಿಕೊಂಡರು. ಮಾಲೀಕರು ಒಪ್ಪಿ, ಮೊದಲು ವಾರಕ್ಕೆ ಮೂರು ದಿನ ಬರಲು ಹೇಳಿದರು.

ತಾಯಿಗೆ ಹೇಳಿದ್ದು ಅವರಿಗೆ ಹೆಚ್ಚು ಕಷ್ಟವಾಯಿತು. ಮಗ ಬಾಗಿಲು ದಾಟುತ್ತಿದ್ದಂತೆ "ಇವತ್ತು ಹೇಗಾಯಿತು?" ಎನ್ನುವುದನ್ನು ಬಿಟ್ಟು, ಒಂದು ಗಂಟೆ ಕತ್ತಲೆ ಕೋಣೆಯಲ್ಲಿ ಸುಮ್ಮನಿರಲು ಬಿಡಬೇಕಿತ್ತು. ಅನ್ನ ಕಲಸಿಕೊಡುವುದನ್ನೂ ನಿಲ್ಲಿಸಿ ಎಂದಾಗ ಅವರ ಕಣ್ಣು ತುಂಬಿತು. ಸಂಬಳ ಸುಮಂತರ ಸ್ವಂತ ಖಾತೆಗೇ ಬರಬೇಕು, ವಾರದ ಖರ್ಚನ್ನು ಅವರೇ ಎಟಿಎಂನಿಂದ ತೆಗೆಯಬೇಕು ಎಂದೆ.

1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಮಗನಿಗೆ ಕಾನೂನುಬದ್ಧ ಪಾಲಕರಾಗಿ, ಅಂದರೆ ಅವನ ಪರವಾಗಿ ತೀರ್ಮಾನಿಸುವವರಾಗಿ, ನೇಮಕಗೊಳ್ಳಬೇಕೇ ಎಂದು ತಂದೆ ಕೇಳಿದರು. ತನ್ನ ಲೆಕ್ಕ ತಾನೇ ನೋಡಿಕೊಳ್ಳಬಲ್ಲವರ ಸಹಿಯ ಹಕ್ಕನ್ನು ಅವಸರದಲ್ಲಿ ಕೈಗೆತ್ತಿಕೊಳ್ಳಬೇಡಿ ಎಂದೆ. ಬದಲಿಗೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಮುಂದೆ ಸರಕಾರಿ ನೌಕರಿಗೆ ಪ್ರಯತ್ನಿಸಿದರೆ ಮೀಸಲಾತಿ ಕೇಳಲು ಅಂಗವೈಕಲ್ಯದ ದಾಖಲೆ ಬೇಕಾಗುತ್ತದೆ.

ಈಗ ಸುಮಂತ ವಾರಕ್ಕೆ ಐದು ದಿನ ಹೋಗುತ್ತಾರೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಬಸ್ಸಿನ ವಿಸಿಲ್, ಹಾರ್ನ್‌ಗಳ ಗದ್ದಲಕ್ಕೆ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳುತ್ತಾರೆ. ಮಳೆಗಾಲದ್ದು ಇನ್ನೂ ಬಗೆಹರಿದಿಲ್ಲ. ಇಪ್ಪತ್ತು ನಿಮಿಷದಲ್ಲಿ ಬಸ್ ಬಾರದಿದ್ದರೆ ಯಾರಿಗೆ ಕರೆ ಮಾಡಬೇಕು, ಏನು ಹೇಳಬೇಕು ಎಂಬ ಚೀಟಿಯನ್ನು ಮುಂದಿನ ಭೇಟಿಯಲ್ಲಿ ಇಬ್ಬರೂ ಕೂತು ಬರೆಯಲಿದ್ದೇವೆ.