ಬೀಟಾ ಫಂಕ್ಷನ್ನಿಗೆ ಇಷ್ಟೊಂದು ಹೊಸ ರೂಪಗಳಿವೆ, ಯಾವುದನ್ನು ಓದಲಿ?

ಪೇಪರುಗಳಲ್ಲಿ ಬಗೆಬಗೆಯ ‘ವಿಸ್ತರಿಸಿದ’ ಬೀಟಾ, ಗಾಮಾ ಕಾಣುತ್ತವೆ, ಎಂ.ಎಸ್ಸಿ. ಪ್ರಾಜೆಕ್ಟಿಗೆ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನೀವು ತಾಳವಾಡಿಯವರು ಅಂತ ನೋಡಿ ಖುಷಿಯಾಯಿತು. ನಾನೂ ಅದೇ ಕಡೆಯವನು, ಗಣಿತದ ಮೇಷ್ಟ್ರು.

ನಾನು ನೋಡುವುದು ಒಂದೇ. ಗಾಮಾ ಅಂದರೆ ಫ್ಯಾಕ್ಟೋರಿಯಲ್ಲನ್ನು ಪೂರ್ಣಾಂಕ ಅಲ್ಲದ ಸಂಖ್ಯೆಗಳಿಗೂ ಹಿಗ್ಗಿಸಿದ ಫಂಕ್ಷನ್. ಬೀಟಾ ಅಂದರೆ ಟಿಯ (ಎ−1) ಘಾತ ಗುಣಿಸು (1−ಟಿ)ಯ (ಬಿ−1) ಘಾತ, ಇದರ ಸೊನ್ನೆಯಿಂದ ಒಂದರವರೆಗಿನ ಇಂಟಿಗ್ರಲ್. ಅದರ ಸೊಗಸು ಉತ್ತರದಲ್ಲಿದೆ: ಗಾಮಾ(ಎ) ಗುಣಿಸು ಗಾಮಾ(ಬಿ), ಅದನ್ನು ಭಾಗಿಸು ಗಾಮಾ(ಎ+ಬಿ). ವಿಸ್ತರಿಸಿದ ಮೇಲೂ ಇಂಥ ಉತ್ತರ ಉಳಿದರೆ ಅದನ್ನು ಬಿಡಬೇಡಿ. ಕೆ-ಗಾಮಾ ಅಂತ 2007ರಲ್ಲಿ ಬಂದಿದ್ದು ಇದೆ. ವೇರಿಯಬಲ್ ಬದಲಿಸಿದರೆ ಅದು ಹಳೇ ಗಾಮಾನೇ, ಮುಂದೆ ಕೆಯ ಒಂದು ಘಾತ ಅಷ್ಟೆ. ಅದಕ್ಕೆ ಜಾಸ್ತಿ ಸಮಯ ಕೊಡಬೇಡಿ. 1997ರ ಬೀಟಾದಲ್ಲಿ ಒಳಗೆ ಒಂದು ಎಕ್ಸ್‌ಪೊನೆನ್ಷಿಯಲ್ ಸೇರಿಸಿದ್ದಾರೆ. ಉಪಯೋಗ ಇದೆ, ಆದರೆ ಆ ಗುಣಾಕಾರದ ಉತ್ತರ ಕೈತಪ್ಪುತ್ತದೆ.

ರಾಮಾನುಜನ್ ಮಾಡಿದ್ದು ನೋಡಿ. ಅವರು ಬೆಳೆದದ್ದು ಕುಂಭಕೋಣದಲ್ಲಿ, ಆದರೆ 1887ರಲ್ಲಿ ಹುಟ್ಟಿದ್ದು ನಮ್ಮ ಈರೋಡಿನಲ್ಲೇ ಅಲ್ವಾ! ಬೀಟಾವನ್ನು ಸೊನ್ನೆಯಿಂದ ಅನಂತದವರೆಗೂ ಬರೆಯಬಹುದು, ಆಗ ಛೇದದಲ್ಲಿ (1+ಟಿ)ಯ ಘಾತ ಇರುತ್ತದೆ. ಅವರು ಆ ಘಾತವನ್ನೇ ಬಿಡಿಸಿದರು. (1+ಟಿ)ಯನ್ನು ಮತ್ತೆ ಮತ್ತೆ ಗುಣಿಸುವ ಬದಲು (1+ಟಿ), (1+ಕ್ಯೂ ಟಿ), (1+ಕ್ಯೂ ವರ್ಗ ಟಿ) ಹೀಗೆ. ಕ್ಯೂ ಅಂದರೆ ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಸಂಖ್ಯೆ. ಉತ್ತರದಲ್ಲಿ ಗಾಮಾ ಜೊತೆಗೆ ಕ್ಯೂ-ಗಾಮಾ (ಗಾಮಾದ್ದೇ ಕ್ಯೂ ಸೇರಿದ ರೂಪ) ಬರುತ್ತದೆ. ಘಾತ ಪೂರ್ಣಾಂಕ ಅಲ್ಲದಿದ್ದರೂ ಅನಂತ ಗುಣಲಬ್ಧದಿಂದ ಇದೇ ಕೆಲಸ ನಡೆಯುತ್ತದೆ. 1980ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಆಸ್ಕಿ ಇದನ್ನು ವಿವರಿಸಿ ಬರೆದ ಮೇಲೆ ತುಂಬ ಜನ ಇತ್ತ ತಿರುಗಿದರು.

ಸುಮ್ನೆ ನಂಬಬೇಡಿ, ಎರಡೇ ಪದ ಇಟ್ಟು ಮಾಡಿ. 1 ಭಾಗಿಸು (1+ಟಿ)(1+ಕ್ಯೂ ಟಿ). ಆಂಶಿಕ ಭಿನ್ನರಾಶಿಗಳಾಗಿ ಒಡೆದು ಸೊನ್ನೆಯಿಂದ ಅನಂತದವರೆಗೆ ಇಂಟಿಗ್ರೇಟ್ ಮಾಡಿದರೆ ಲಾಗ್(1/ಕ್ಯೂ) ಭಾಗಿಸು (1−ಕ್ಯೂ) ಸಿಗುತ್ತದೆ. ಕ್ಯೂ ಅರ್ಧ ಆದರೆ ಸುಮಾರು 1.386. ಕ್ಯೂ ಒಂದರ ಹತ್ತಿರ ಬಂದರೆ ಉತ್ತರವೂ 1ರ ಹತ್ತಿರ ಬರುತ್ತದೆ, ಹಳೇ ಬೀಟಾ(1,1) ಅದೇ.

ಇನ್ನೊಂದು ದಾರಿ ನಾರ್ವೆಯ ಗಣಿತಜ್ಞ ಸೆಲ್ಬರ್ಗ್ 1944ರಲ್ಲಿ ಪ್ರಕಟಿಸಿದ್ದು: ಒಂದರ ಬದಲು ಹಲವು ವೇರಿಯಬಲ್, ಪ್ರತಿ ಜೋಡಿಯ ವ್ಯತ್ಯಾಸದ ಘಾತವೂ ಒಳಗೆ. ಎಷ್ಟು ವೇರಿಯಬಲ್ ಇದ್ದರೂ ಉತ್ತರ ಗಾಮಾಗಳಲ್ಲೇ! ಎರಡು ವೇರಿಯಬಲ್ ತೆಗೆದುಕೊಂಡು ವ್ಯತ್ಯಾಸದ ವರ್ಗವನ್ನಷ್ಟೇ, ಎರಡಕ್ಕೂ ಸೊನ್ನೆಯಿಂದ ಒಂದರವರೆಗೆ, ಇಂಟಿಗ್ರೇಟ್ ಮಾಡಿ, 1/6 ಬರುತ್ತದೆ. ಸೂತ್ರದಲ್ಲಿ ಅದೇ 1/2 ಗುಣಿಸು 1/3 ಆಗಿ ಬರುತ್ತದೆ.

ಪ್ರಾಜೆಕ್ಟಿಗೆ ನಾನಾದರೆ ರಾಮಾನುಜನ್ನರದ್ದನ್ನೇ ಆರಿಸುತ್ತೇನೆ. ಎಲಿಪ್ಟಿಕ್ ಬೀಟಾ ಅಂತ ಇನ್ನೂ ಕಷ್ಟದ ವಿಸ್ತರಣೆ ಇದೆ, ಅದನ್ನು ಥೀಟಾ ಫಂಕ್ಷನ್ ಕಲಿತ ಮೇಲೆ ನೋಡಿದರಾಯಿತು.