ಬೀದಿಗಿಳಿದು ಕೂಗಿದರೆ ಸರ್ಕಾರ ಬಗ್ಗುತ್ತದೆಯೇ?

ಪ್ರಶ್ನೆ: ಸಾವಿರಾರು ಜನ ಸೇರುತ್ತಾರೆ, ಘೋಷಣೆ ಕೂಗಿ ಮನೆಗೆ ಹೋಗುತ್ತಾರೆ. ಮಾರನೇ ದಿನ ಎಲ್ಲ ಹಾಗೇ ಇರುತ್ತದೆ. ಪ್ರತಿಭಟನೆಯಿಂದ ನಿಜವಾಗಿ ಏನಾದರೂ ಬದಲಾಗಿದೆಯಾ?

ಉತ್ತರ: ಖಂಡಿತ ಬದಲಾಗಿದೆ. ಆದರೆ ಬರೀ ಕೂಗಿನಿಂದ ಆದದ್ದು ಕಡಿಮೆ. ಜನ ತಮ್ಮ ದುಡಿಮೆಯನ್ನೋ ದುಡ್ಡನ್ನೋ ಕೊಡೋದು ನಿಲ್ಲಿಸಿದಾಗ ಆಳುವವರಿಗೆ ಬಿಸಿ ಜಾಸ್ತಿ ಮುಟ್ಟಿದೆ.

ಇದೇನು ಹೊಸದಲ್ಲ. 3,000 ವರ್ಷಗಳಿಗೂ ಹಿಂದೆ, ಈಜಿಪ್ಟಿನಲ್ಲಿ ಮೂರನೇ ರಾಮ್ಸೆಸ್ ಆಳುತ್ತಿದ್ದಾಗ, ರಾಜರ ಗೋರಿ ಕಟ್ಟುವವರಿಗೆ ಕೂಲಿಯ ಧಾನ್ಯ ಸಮಯಕ್ಕೆ ಬರಲಿಲ್ಲ. ಅವರು ಕೆಲಸ ಬಿಟ್ಟು ದೇವಾಲಯಗಳ ಬಳಿ ಹೋಗಿ ಕೂತರು. ಕೊನೆಗೆ ಧಾನ್ಯ ಕೊಡಲೇಬೇಕಾಯಿತು.

ನನಗೆ ತುಂಬಾ ಇಷ್ಟವಾದದ್ದು ಅಮೆರಿಕದ ಮಾಂಟ್ಗೊಮರಿಯ ಹೋರಾಟ. 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆಯ ಬಂಧನವಾಯಿತು. ಆ ಕಥೆ ಎಲ್ಲರಿಗೂ ಗೊತ್ತು. ಆಮೇಲೆ ನಡೆದದ್ದೇ ದೊಡ್ಡದು. ಜೋ ಆನ್ ರಾಬಿನ್ಸನ್ ಎಂಬ ಅಧ್ಯಾಪಕಿ ರಾತ್ರಿಯಿಡೀ ಕೂತು ಸಾವಿರಾರು ಕರಪತ್ರ ಅಚ್ಚು ಹಾಕಿದರು. ಮೊದಲು ಒಂದು ದಿನದ ಬಸ್ ಬಹಿಷ್ಕಾರ ಅಂತಲೇ ಹೊರಟಿದ್ದು, 381 ದಿನ ನಡೆಯಿತು. ಬಸ್ಸಿನ ಪ್ರಯಾಣಿಕರಲ್ಲಿ ಹೆಚ್ಚಿನವರು ಕಪ್ಪು ಜನರೇ, ಹಾಗಾಗಿ ಬಸ್ಸಿನವರಿಗೆ ನಷ್ಟವೋ ನಷ್ಟ. ಕೆಲಸಕ್ಕೆ ಹೋಗಲೇಬೇಕಲ್ವಾ, ಅದಕ್ಕೆ ಕಾರಿದ್ದವರು ಇಲ್ಲದವರನ್ನು ಹತ್ತಿಸಿಕೊಂಡರು, ಉಳಿದವರು ಮೈಲಿಗಟ್ಟಲೆ ನಡೆದರು. ಜೊತೆಗೆ ನ್ಯಾಯಾಲಯದಲ್ಲೂ ಹೋರಾಡಿದರು. 1956ರಲ್ಲಿ ಸುಪ್ರೀಂ ಕೋರ್ಟ್ ಬಸ್ಸಿನೊಳಗೆ ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಕೂರಿಸುವ ಪದ್ಧತಿಗೆ ತೆರೆ ಎಳೆಯಿತು.

ಐಸ್‌ಲ್ಯಾಂಡಿನಲ್ಲಿ ಒಂದೇ ದಿನ ಸಾಕಾಯಿತು. 1975ರ ಅಕ್ಟೋಬರ್ 24ರಂದು ಅಲ್ಲಿನ ಸುಮಾರು ಶೇಕಡಾ 90ರಷ್ಟು ಹೆಂಗಸರು ಕಚೇರಿ ಕೆಲಸ, ಅಡುಗೆ, ಮಕ್ಕಳ ಆರೈಕೆ ಎಲ್ಲ ಬಿಟ್ಟರು. ಮರುವರ್ಷವೇ ಹೆಣ್ಣು ಗಂಡಿನ ಸಮಾನತೆಯ ಕಾನೂನು ಬಂತು.

ಆದರೂ ನಿಮ್ಮ ಸಂಶಯ ಸುಮ್ನೆ ಬಂದದ್ದಲ್ಲ. 1989ರ ಜೂನ್‌ನಲ್ಲಿ ಬೀಜಿಂಗ್‌ನಲ್ಲಿ ಸೈನ್ಯ ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿತು, ಚಳವಳಿ ಅಲ್ಲಿಗೇ ಮುಗಿಯಿತು. ಅದೇ ವರ್ಷದ ಅಕ್ಟೋಬರ್ 9ರಂದು ಪೂರ್ವ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸುಮಾರು 70,000 ಜನ ಬೀದಿಗಿಳಿದರು. ಅಲ್ಲೂ ಹತ್ಯಾಕಾಂಡವಾದೀತು ಎಂಬ ಭಯ ಎಲ್ಲರಿಗೂ ಇತ್ತು, ಆದರೆ ಗುಂಡು ಹಾರಲಿಲ್ಲ. ಒಂದು ತಿಂಗಳಿಗೆ, ಅಲ್ಲಿನ ಜನ ಪಶ್ಚಿಮಕ್ಕೆ ಹೋಗದಂತೆ ತಡೆದಿದ್ದ ಬರ್ಲಿನ್ ಗೋಡೆ ತೆರೆಯಿತು. ಬಂದೂಕು ಹಿಡಿದವರು ಆಳುವವರ ಮಾತು ಕೇಳುತ್ತಾರೋ ಇಲ್ಲವೋ ಅನ್ನುವುದರ ಮೇಲೂ ಇದೆಲ್ಲ ನಿಂತಿದೆ.